ಹೊಸ ಶಾಲೆಯ ಹೊಸ್ತಿಲು

ಭೂಕಂಪದಲ್ಲಿ ಹಳೆಯ ಶಾಲೆ ಕುಸಿದಾಗ ಜಗದೇವಿಯ ಹಿರಿಮಗ ಒಳಗಿದ್ದ. ಅದೇ ಜಾಗದಲ್ಲಿ ಕಟ್ಟಿದ ಹೊಸ ಶಾಲೆಗೆ ಇಂದು ಉದ್ಘಾಟನೆ. ಹೊಸ್ತಿಲ ಹೊರಗೆ ನಿಂತ ಜಗದೇವಿ, ಉಳಿದೊಬ್ಬ ಮಗಳ ಕೈಯನ್ನು ಉಡದ ಪಟ್ಟಿನಂತೆ ಬಿಗಿಯಾಗಿ ಹಿಡಿದಿದ್ದಳು.

“ಬಿಡವ್ವಾ, ಹಸಿವಾಗ್ಯಾದ. ಒಳಗ ಊಟ ಕೊಡ್ತಾರಂತ,” ಎಂದಳು ಮಗಳು. ಅವರ ತಗಡಿನ ಶೆಡ್ಡಿನಲ್ಲಿ ನಿನ್ನೆಯಿಂದ ಒಲೆ ಹಚ್ಚಿರಲಿಲ್ಲ.

ಕಟ್ಟಡ ಕಟ್ಟಿಸಿದ ಇಂಜಿನಿಯರು ನಗುತ್ತಾ ಹತ್ತಿರ ಬಂದರು. “ಯಾಕ ಅಂಜ್ತಿ ಯವ್ವಾ? ನಾನೇ ನಿಂತು ಕಟ್ಸೀನಿ. ಮಾಳಿಗಿ ಮ್ಯಾಲ ಆನಿ ಕುಣಿಸಿದ್ರೂ ಏನೂ ಆಗಂಗಿಲ್ಲ.”

“ಆ ಹಳೀ ಸಾಲಿ ಕಟ್ಟಿದವ್ರೂ ಹಿಂಗೇ ಅಂದಿದ್ರು, ಸಾಹೇಬ್ರ.”

“ಅದು ಕಲ್ಲು ಮಣ್ಣಿಂದು. ಇದು ಕಬ್ಬಿಣ, ಸಿಮೆಂಟಿಂದು. ನನ್ನ ಮಾತು ನಂಬು.”

ಜಗದೇವಿ ಕಣ್ಣು ಮುಚ್ಚಿ ಕೈ ಸಡಿಲಿಸಿದಳು. ಮಗಳು ಒಳಗೆ ಓಡಿದಳು. ಅದನ್ನು ನೋಡಿ, ಹೊರಗೇ ನಿಂತಿದ್ದ ಉಳಿದ ತಾಯಂದಿರೂ ತಮ್ಮ ಮಕ್ಕಳನ್ನು ಕಳಿಸಿದರು.

ಮುಖ್ಯೋಪಾಧ್ಯಾಯರು ಬಾಗಿಲಿಗೆ ಬಂದು ಕೈಮುಗಿದರು. “ಬಿಸಿಲು ಸುಡ್ಲತ್ತದ, ಒಳಗ ಬರ್ರಿ ಸಾಹೇಬ್ರ. ನಿಮ್ಮ ಸನ್ಮಾನಕ್ಕ ಶಾಲು, ಹಾರ ಎಲ್ಲಾ ಒಳಗೇ ಇಟ್ಟೀವಿ.”

ಇಂಜಿನಿಯರು ಒಮ್ಮೆ ಸೂರಿನತ್ತ ನೋಡಿ, ಹಣೆಯ ಬೆವರು ಒರೆಸಿಕೊಂಡರು.

“ಇಲ್ಲೇ ಬಯಲಾಗ ಮಾಡ್ರಿ, ಮಾಸ್ತರ.”