ಧೂಳಿನ ನೆಪ

ಗೋಡೆ ಕೊರೆಯುವ ಕೆಲಸಕ್ಕಿಳಿದ ಮೇಲೆ ಹರ್ಷವರ್ಧನ ಮೂಗಿಗೆ ಮಾಸ್ಕ್ ಹಾಕಿಕೊಂಡಿದ್ದು ಅವತ್ತೇ ಮೊದಲು. ಡ್ರಿಲ್ಲಿಂಗ್ ಮಿಷನ್ ಜೊತೆ ಪುಕ್ಕಟೆ ಬಂದಿದ್ದ ಮಾಸ್ಕ್ ಅದು. ಇಷ್ಟು ದಿನ ಕವರಿನಲ್ಲೇ ಬ್ಯಾಗಿನ ತಳದಲ್ಲಿ ಬಿದ್ದಿತ್ತು. ಸಿಮೆಂಟಿನ ಧೂಳು ಎದೆಗೆ ಕೆಟ್ಟದ್ದು ಅಂತ ಯಾರಾದರೂ ಬುದ್ಧಿ ಹೇಳಿದರೆ, "ನಮ್ದು ಗಟ್ಟಿ ಎದೆ ಬಿಡಿ ಸಾ" ಅಂತ ನಕ್ಕುಬಿಡುತ್ತಿದ್ದವನು ಅವನು. ಅಂಥವನು ಹಾಸನದ ಹೊಸ ಬಡಾವಣೆಯ ಈ ಮನೆಯ ಹಾಲಿಗೆ ಕಾಲಿಟ್ಟವನೇ, "ಒಂದ್ ನಿಮ್ಷ" ಅಂತ ಬೈಕಿನ ಹತ್ತಿರ ಹೋಗಿ, ಬ್ಯಾಗೆಲ್ಲ ತಡಕಾಡಿ, ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದ.

ಕಾರಣ ಧೂಳಲ್ಲ. ನೇತುಹಾಕಲೆಂದು ಗೋಡೆಗೊರಗಿಸಿ ಇಟ್ಟಿದ್ದ ಫೋಟೊಗಳು. ಬುದ್ಧ, ಬಾಬಾಸಾಹೇಬರು, ಪಕ್ಕದಲ್ಲಿ ಚಿಕ್ಕಯ್ಯ. ಚಿಕ್ಕಯ್ಯ ಅವನದೇ ಊರಿನ ಕೆಳಗಲ ಕೇರಿಯವನು. ಹರ್ಷವರ್ಧನನ ಅಪ್ಪನ ಹೊಲದಲ್ಲಿ ಆಳಾಗಿ ದುಡಿದು ಹೋದವನು. ಆ ಚಿಕ್ಕಯ್ಯನ ಹೆಂಡತಿ ಮಾದಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಇವನನ್ನೇ ನೋಡುತ್ತಿದ್ದಳು.

"ನಂಜಪ್ಪಗೌಡ್ರ ಮಗ ಅಲ್ವೇನಪ್ಪ ನೀನು? ಒಸಿ ಕೂತ್ಕೊ, ಕಾಫಿ ತತ್ತೀನಿ."

"ಮೊದ್ಲು ಕೆಲ್ಸ ಆಗ್ಲಿ ಅಮ್ಮ. ಧೂಳು ಬತ್ತದೆ."

ಊರಲ್ಲಾಗಿದ್ದರೆ ಹೆಸರು ಹಿಡಿದೇ ಮಾತಾಡುತ್ತಿದ್ದ. ಇಲ್ಲಿ ಅವಳು ಗಿರಾಕಿಯ ತಾಯಿ, ಅದಕ್ಕೇ ಅಮ್ಮ. ಹಾಗಂತ ಹರ್ಷವರ್ಧನ ಮಡಿ ಮನುಷ್ಯನೇನಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ಬೇಯಿಸಿದವರು ಯಾರು ಅಂತ ಒಂದು ದಿನವೂ ಕೇಳಿದವನಲ್ಲ. ಆದರೆ ಮಾದಮ್ಮ ಊರಿನವಳು. ಹೊಳೆನರಸೀಪುರದ ಬಸ್ಸು ಹತ್ತಿ ಊರಿಗೆ ಹೋದಾಗ, ಗೌಡ್ರ ಮಗ ನಮ್ಮನೇಲಿ ಕಾಫಿ ಕುಡುದ ಅಂತ ಸಂತೋಷಕ್ಕೆ ಯಾರ ಹತ್ತಿರವಾದರೂ ಹೇಳಿಕೊಂಡರೆ, ಸಂಜೆಯೊಳಗೆ ಅದು ಅಪ್ಪನ ಕಿವಿಗೆ ಬೀಳುತ್ತದೆ. ಅಪ್ಪ ಬೈಯುವುದಿಲ್ಲ, ಊಟಕ್ಕೆ ಕೂತಾಗ ಒಂದು ಸಲ ಮುಖ ನೋಡುತ್ತಾನೆ, ಅಷ್ಟೇ. ಆ ಒಂದು ನೋಟಕ್ಕೆ ಹೆದರಿ, ಮೀಸೆ ಬಂದ ಗಂಡಸು ಮಾಸ್ಕಿನ ಹಿಂದೆ ಅವಿತುಕೊಂಡಿದ್ದ.

ಆದರೆ ಧೂಳೇ ಕೈಕೊಟ್ಟಿತು. ಮಾದಮ್ಮನಿಗೆ ಉಬ್ಬಸ. ಅದಕ್ಕೆಂದೇ ಅವಳ ಮಗ ಮೋಹನ್‌ಕುಮಾರ್ ವ್ಯಾಕ್ಯೂಮ್ ಕ್ಲೀನರ್ ತಂದಿಟ್ಟುಕೊಂಡಿದ್ದ. ಇವನು ಮಿಷನ್ನಿನ ಮೊನೆ ಗೋಡೆಗಿಟ್ಟರೆ, ಅವನು ಅದರ ಕೆಳಗೇ ಪೈಪಿನ ಬಾಯಿ ಹಿಡಿದ. ಕೊರೆದ ಪುಡಿಯೆಲ್ಲ ಉದುರಿದ ಹಾಗೇ ಒಳಗೆ ಹೋಯಿತು. ಹರ್ಷವರ್ಧನ ಬೇಕೆಂದೇ ಜೋರಾಗಿ ಒತ್ತಿದ, ಮೊನೆಯನ್ನು ಹಿಂದೆ ಮುಂದೆ ಎಳೆದಾಡಿದ. ಟೈಲ್ಸಿನ ಮೇಲೆ ಒಂದು ಚಿಟಿಕೆಯೂ ಬೀಳಲಿಲ್ಲ. ತನ್ನ ಕೆಲಸ ಚೊಕ್ಕಟವಾಗಿ ನಡೆದಿದ್ದಕ್ಕೆ ಹೊಟ್ಟೆ ಉರಿದುಕೊಂಡವನು ಹಾಸನದಲ್ಲಿ ಅವನೊಬ್ಬನೇ ಇರಬೇಕು.

"ಹೆಂಗೆ ಎಳ್ಕೊಳ್ತದೆ ನೋಡಿ" ಎಂದ ಮೋಹನ್‌ಕುಮಾರ್.

"ಒಳ್ಳೇ ಮಾಲು ಸಾ."

ಕೊನೆಗೆ ಚಿಕ್ಕಯ್ಯನ ಫೋಟೊ. ಸ್ಕೂಲಿಗೆ ಹೋಗುವಾಗ ತುಂಬಿದ ಕಾಲುವೆ ದಾಟಿಸಲು ಇವನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದವನು ಅವನೇ. ಆ ಹೆಗಲಿಗೆ ಆಗ ಯಾವ ಮೈಲಿಗೆಯೂ ಇರಲಿಲ್ಲ. ಹರ್ಷವರ್ಧನ ಫೋಟೊದ ಮುಖ ನೋಡದೆಯೇ ಅದು ನೆಟ್ಟಗಿದೆ ಅಂತ ಹೇಳಿ ಸ್ಟೂಲಿನಿಂದ ಇಳಿದ.

ಎರಡೂ ಮಿಷನ್ನುಗಳು ನಿಂತವು. ಮಾದಮ್ಮ ನೊರೆ ಕಾಫಿಯ ಲೋಟ ಹಿಡಿದು ಬಂದಳು. ಗೃಹಪ್ರವೇಶಕ್ಕೆ ಊರಿಂದ ಬಂದ ಗೌಡರ ಕೇರಿಯವರೆಲ್ಲ ಬಾಗಿಲಲ್ಲೇ ಕೈಮುಗಿದು, ಅರ್ಜೆಂಟಿದೆ ಅಂತ ಹೊರಟುಹೋಗಿದ್ದರು. ಚಿಕ್ಕಯ್ಯ ಹೊತ್ತು ತಿರುಗಿದ ಈ ಹುಡುಗನಾದರೂ ತನ್ನ ಕೈಯ ಕಾಫಿ ಕುಡಿಯಲಿ ಅನ್ನುವ ಆಸೆ ಅವಳ ಮುಖದಲ್ಲೇ ಕಾಣುತ್ತಿತ್ತು.

"ಈಗ್ಲಾದ್ರೂ ಅದ ತೆಗಿಯಪ್ಪ. ಧೂಳೇ ಇಲ್ವಲ್ಲ."

"ಗಾಳೀಲಿ ಇರ್ತದೆ ಅಮ್ಮ. ಕಣ್ಣಿಗೆ ಕಾಣಲ್ಲ."

ಹೇಳಿದ ಮೇಲೆ ಹೊಳೆಯಿತು, ಉಬ್ಬಸದ ಮುದುಕಿ ಬರಿ ಮೂಗಿನಲ್ಲಿ ಎದುರಿಗೇ ನಿಂತಿದ್ದಾಳೆ. ಮೋಹನ್‌ಕುಮಾರ್ ತಲೆ ತಗ್ಗಿಸಿ ವ್ಯಾಕ್ಯೂಮಿನ ವೈರು ಸುತ್ತತೊಡಗಿದ. ಅವನಿಗೆ ಅರ್ಥವಾಗಿದೆ ಅನ್ನುವುದು ಇವನಿಗೂ ಅರ್ಥವಾಯಿತು. ಮಾದಮ್ಮ ಆ ಮಾಸ್ಕನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಲೋಟ ಹಿಡಿದುಕೊಂಡೇ ಒಳಗೆ ಹೋದಳು.

ಅವಳು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಹರ್ಷವರ್ಧನನಿಗೆ ತಾನು ಇಷ್ಟು ಸಣ್ಣ ಮನುಷ್ಯನೇ ಅನ್ನಿಸಿ ನಾಚಿಕೆಯಾಯಿತು. ಮಾಸ್ಕ್ ಕಿತ್ತು ಜೇಬಿಗೆ ತುರುಕಿಕೊಂಡು ಅಡುಗೆಮನೆ ಬಾಗಿಲವರೆಗೂ ಹೋದ.

"ಕೊಡಿ ಅಮ್ಮ, ಕುಡಿತೀನಿ."

"ಬ್ಯಾಡ ಕಣಪ್ಪ, ಬಲವಂತಕ್ಕೆ ಯಾಕೆ? ನಾನೇನು ಬ್ಯಾಸರ ಮಾಡ್ಕೊಳಕಿಲ್ಲ. ನಿಮ್ಮಂಗೆ ಬರೋರಿಗೆ ಅಂತ್ಲೇ ಬ್ಯಾರೆ ಮಡಗಿರ್ತೀನಿ."

ಅವಳು ಫ್ರಿಜ್ ತೆಗೆದು ಮಾವಿನ ಜ್ಯೂಸಿನ ಬಾಟಲಿಯೊಂದನ್ನು ಎತ್ತಿಕೊಂಡಳು. ಇವನು ಕೈ ಚಾಚಿದ. ಅವಳು ಅದನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು, ರೂಢಿಯಂತೆ ಹಿಂದಕ್ಕೆ ಸರಿದು ನಿಂತಳು.

"ಅಂಗ್ಡೀದು. ಸೀಲು ಒಡ್ದಿಲ್ಲ, ನೋಡ್ಕೊ."

ತೆರೆದೇ ಇದ್ದ ಫ್ರಿಜ್ಜಿನ ಬಾಗಿಲ ತುಂಬ ಅಂಥವೇ ಬಾಟಲಿಗಳು ಸಾಲಾಗಿ ನಿಂತಿದ್ದವು.