ಸುಣ್ಣದಡಿಯ ಹೆಸರು

ಮೊದಲು ಕಂಡದ್ದು ಒಂದು ಕೆಂಪು ಸೊನ್ನೆ.

ರಾಜಕುಮಾರ ಒದ್ದೆ ಬ್ರಷ್ಷನ್ನು ಇನ್ನೊಂದು ಸಲ ಆಡಿಸಿದ. ಬಿಳಿ ಬಣ್ಣ ಹೊಪ್ಪಳೆಯಾಗಿ ಎದ್ದಿತು. ಸೊನ್ನೆಯ ಹಿಂದೆ ಒಂದು 'ಕಾ' ಮೂಡಿತು, ಮುಂದೆ ಒಂದು 'ಚ'. ಅವನ ಕೈ ನಿಂತಿತು.

ಅಂಗೈಯಗಲದ ಆಟಿಕೆ ಯುದ್ಧಟ್ಯಾಂಕು ಅದು. ಅಪ್ಪ ರಾಮಲಿಂಗ ಇಚಲಕರಂಜಿಯ ಮಗ್ಗಗಳ ರಿಪೇರಿಯಲ್ಲೇ ಆಯುಷ್ಯ ಸವೆಸಿ, ಕೆಲಸ ಬಿಟ್ಟ ಮೇಲೆ ಹಚ್ಚಿಕೊಂಡ ಹುಚ್ಚು. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಟ್ಯಾಂಕು ಮಾಡುವುದು, ಚಂದಗೆ ಬಣ್ಣ ಹಚ್ಚುವುದು, ಆಮೇಲೆ ಆ ಚಂದವನ್ನು ತಾನೇ ಕೆಡಿಸುವುದು. ಹಿಮದ ನಾಡಿನ ಸೈನಿಕರು ವೈರಿಗೆ ಕಾಣದಿರಲೆಂದು ಟ್ಯಾಂಕಿಗೆ ಸುಣ್ಣ ಬಳಿಯುತ್ತಾರಂತೆ, ಚಳಿ ಸರಿದಂತೆ ಸುಣ್ಣ ಉದುರಿ ಒಳಗಿನ ಹಸಿರು ಇಣುಕುತ್ತದಂತೆ. ಅದನ್ನು ಹಾಗೇ ತರಬೇಕೆಂದು ಅಪ್ಪ ಹಸಿರು ಬಳಿದು, ಮೇಲೆ ಹೆಂಗಸರು ಕೂದಲಿಗೆ ಹೊಡೆದುಕೊಳ್ಳುವ ಸ್ಪ್ರೇ ಹೊಡೆದು, ಕೊನೆಗೆ ಬಿಳಿ ಹಚ್ಚಿದ್ದ. ನೀರು ತಾಕಿಸಿದರೆ ಸ್ಪ್ರೇ ಕರಗಿ ಬಿಳಿ ಎದ್ದು ಬರುತ್ತದೆ. ನೀರು ತಾಕಿಸುವ ಮೊದಲೇ ಅವನಿಗೆ ಲಕ್ವಾ ಹೊಡೆಯಿತು.

ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ಸದ್ದು. "ಕಾ... ಕಾ..."

ತಮ್ಮನನ್ನು ಕೇಳುತ್ತಿದ್ದಾನೆಂದು ಮನೆಮಂದಿ ತಿಳಿದರು. ಮಕ್ಕಳ ಜೊತೆ ಸೇರಿ ತಾನೂ ತಮ್ಮನನ್ನು ಕಾಕಾ ಎಂದೇ ಕರೆಯುವುದು ಅಪ್ಪನ ರೂಢಿ. ಮುರಗೂಡದಿಂದ ಮಲ್ಲಾರಿ ಕಾಕಾನನ್ನು ಕರೆಸಿದರು. ಕಾಕಾ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತ. ಅಪ್ಪ ಮುಖ ಅತ್ತ ತಿರುಗಿಸಿ ಮತ್ತೆ "ಕಾ..." ಅಂದ.

ಅಂದಿನಿಂದ ಉಣಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು, ಎಲ್ಲ ಅವ್ವನೇ. "ನಿನ್ನ ಬೆನ್ನು ಮುರೀತೈತಿ ಶಿವವ್ವಾ, ಯಾರನರ ಇಟ್ಕೊ" ಎಂದು ನೆರೆಮನೆಯ ಗಂಗುಬಾಯಿ ಹೇಳಿದರೆ, "ನನ್ನ ಬಿಟ್ರ ಅವರಿಗೆ ಯಾರದಾರವ್ವಾ" ಎನ್ನುತ್ತಾಳೆ.

ಇವತ್ತು ಮಹಾನವಮಿಯ ಖಂಡೆಪೂಜೆ. ಮಗ್ಗದ ಲಾಳಿ, ನಟ್ಟು ಬಿಗಿಯುವ ಪಾನಾ, ಕತ್ತರಿ ಆಗಲೇ ತೊಳೆಸಿಕೊಂಡು ದೇವರ ಮುಂದೆ ಕೂತಿದ್ದವು. ಪ್ರತಿವರ್ಷ ಆ ಸಾಲಿನಲ್ಲಿ ಅಪ್ಪನದೂ ಒಂದು ಟ್ಯಾಂಕು ಇರಲೇಬೇಕು. ಬೆಳಗ್ಗೆ ಅಪ್ಪ ಎಡಗೈಯಿಂದ ಟ್ಯಾಂಕನ್ನೂ ನೀರಿನ ತಂಬಿಗೆಯನ್ನೂ ತೋರಿಸಿ ಹಟ ಹಿಡಿದಾಗ, ಉಳಿದ ಕೆಲಸ ಮುಗಿಸಿಕೊಡು ಅನ್ನುತ್ತಿದ್ದಾನೆಂದು ರಾಜಕುಮಾರ ಹಿಗ್ಗಿ ಬ್ರಷ್ ಹಿಡಿದಿದ್ದ.

ಈಗ ಟ್ಯಾಂಕಿನ ತೋಪಿನ ಬುಡದಲ್ಲಿ ಹೆಸರು ಪೂರ್ತಿ ಎದ್ದಿತ್ತು. 'ಕಾಂಚನ'. ಅಪ್ಪನದೇ ಅಕ್ಷರ.

"ಯಾರಪಾ ಇಕಿ?" ಎಂದು ರಾಜಕುಮಾರ ಪಿಸುಗುಟ್ಟಿದ.

"ಕಾ..." ಅಂದ ಅಪ್ಪ. ಕಣ್ಣಿಂದ ನೀರು ಇಳಿಯಿತು.

ರಾಜಕುಮಾರ ಹೆಸರನ್ನು ಮತ್ತೊಮ್ಮೆ ಓದಿದ. ಹಾಗಾದರೆ ಇಷ್ಟು ದಿನ ಕರೆದದ್ದು ಕಾಕಾನನ್ನಲ್ಲ. ಜೀವಕ್ಕೆ ಜೀವವಾದವರ ಹೆಸರನ್ನು ಸೈನಿಕರು ಟ್ಯಾಂಕಿನ ಮೇಲೆ ಬರೆದುಕೊಳ್ಳುತ್ತಾರೆ ಎಂದು ಹಿಂದೊಮ್ಮೆ ಅಪ್ಪನೇ ಹೇಳಿದ್ದ. ಬಣ್ಣ ತರುತ್ತೇನೆಂದು ಇಸ್ತ್ರಿ ಅಂಗಿ ತೊಟ್ಟು ಕೊಲ್ಹಾಪುರದ ಬಸ್ಸು ಹತ್ತುತ್ತಿದ್ದದ್ದೂ ನೆನಪಾಯಿತು. ಒಂದು ಡಬ್ಬಿ ಬಣ್ಣಕ್ಕೆ ಇಡೀ ದಿನ ಬೇಕಿತ್ತೇ?

ಅವ್ವನನ್ನು ಈ ಮನುಷ್ಯ ಒಂದು ದಿನವಾದರೂ ಹೆಸರು ಹಿಡಿದು ಕರೆದವನಲ್ಲ. ಅವನ ಬಾಯಲ್ಲಿ ಅವಳು ಬರೀ 'ರಾಜೂನ ಅವ್ವ'. ಅವಳ ತವರು ಗಡಹಿಂಗ್ಲಜಕ್ಕೆ ಹೋದರೂ ಅಷ್ಟೇ, ಹಿರಿಮಗಳೆಂದು ಎಲ್ಲರಿಗೂ 'ಅಕ್ಕ'. ಅಂಥವಳು ಒಳಗೆ ಹೋಳಿಗೆ ಬೇಯಿಸುತ್ತಿದ್ದಾಳೆ, ಇಲ್ಲಿ ಇನ್ನೊಬ್ಬಳ ಹೆಸರು ಕೆಂಪಗೆ ಹೊಳೆಯುತ್ತಿದೆ. ರಾಜಕುಮಾರನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಹಾಯುವುದು? ತನ್ನ ಎಂಜಲನ್ನೂ ಒರೆಸಿಕೊಳ್ಳಲಾರದ ಮುದುಕನ ಮೇಲೆಯೇ?

ಬಿಳಿ ಬಣ್ಣದ ಡಬ್ಬಿ ಎಳೆದುಕೊಂಡು ಬ್ರಷ್ ಅದ್ದಿದ. ಅಪ್ಪ ಎಡಗೈ ಬೀಸಿ ಡಬ್ಬಿಯನ್ನು ಕೆಡವಿಬಿಟ್ಟ. ಬಿಳಿ ಚಾದರದ ಮೇಲೆಲ್ಲ ಹರಿಯಿತು.

"ಕೈ ಮುಗೀತೇನಿ ಅಪ್ಪಾ. ಅವ್ವ ನೋಡಿದ್ರ ಎದಿ ಒಡ್ಕೊಂಡು ಸಾಯ್ತಾಳ."

ಅಪ್ಪ ಟ್ಯಾಂಕನ್ನು ಎದೆಗೆ ಅವುಚಿಕೊಂಡ.

ಅಷ್ಟರಲ್ಲಿ ಹೆಂಡತಿ ಸೋನಲ ಬಾಗಿಲಿಗೆ ಬಂದಳು. "ಟ್ಯಾಂಕ್ ಕೊಡ್ರಿ, ಅತ್ತಿ ಪೂಜಿಗೆ ಕುಂಡ್ರಾಕತ್ತಾರ." ಹತ್ತಿರ ಬಂದು ಬೆರಳ ಸಂದಿಯಲ್ಲಿ ಕಂಡದ್ದನ್ನು ಓದಿದಳು. "ಯಾರ್ರೀ ಇಕಿ?"

"ನನಗೇನ್ ಗೊತ್ತು."

ಸೋನಲಳ ಕಣ್ಣು ತುಂಬಿತು. ಅವಳ ಮದುವೆಯಲ್ಲಿ ಗಂಡಿನ ಕಡೆಯವರು ಪದ್ಧತಿಯಂತೆ ಸೊಸೆಯ ತವರಿನ ಹೆಸರು ಅಳಿಸಿ ಹೊಸದನ್ನು ಬರೆಯಲು ತಟ್ಟೆಯಲ್ಲಿ ಅಕ್ಕಿ ಹರವಿದ್ದರು. ಆ ಅಕ್ಕಿಯನ್ನು ಅಂಗೈಯಿಂದ ಬದಿಗೆ ಸರಿಸಿ, "ಅಕಿ ಹೆಸರು ಅಕೀಗೆ ಇರಲಿ" ಎಂದು ಬಳಗವನ್ನೆಲ್ಲ ಎದುರು ಹಾಕಿಕೊಂಡವಳು ಈ ಅತ್ತೆ. ಇಂಥ ಹೆಂಗಸಿಗೆ ಇಂಥ ದ್ರೋಹವೇ ಎಂದು ಅವಳಿಗೆ ಸಂಕಟವಾಯಿತು.

"ಹೆಂಗರ ಮಾಡಿ ಅತ್ತೀನ ಒಳಗ ತಡೀತೇನಿ, ನೀವು ಕಸ್ಗೊಳ್ರಿ" ಎಂದು ತಿರುಗಿದಳು.

ತಿರುಗಿದರೆ ಕುಂಕುಮದ ಬಟ್ಟಲು ಹಿಡಿದು ಅವ್ವ ಹೊಸ್ತಿಲಲ್ಲೇ ನಿಂತಿದ್ದಳು. "ಅವರು ಕೊಡಾಂಗಿಲ್ಲಂದ್ರ ಬ್ಯಾಡ, ಅಲ್ಲೇ ಹಚ್ಚತೇನಿ ಬಿಡ್ರಿ."

ರಾಜಕುಮಾರ ಅಡ್ಡ ನಿಂತ. ಅವ್ವ ಅವನನ್ನು ಸರಿಸಿ, ಮಂಚದ ಅಂಚಿಗೆ ಕೂತು ಕುಂಕುಮದಲ್ಲಿ ಬೆರಳದ್ದಿದಳು. ಅಪ್ಪ ತಾನಾಗಿಯೇ ಕೈ ಸಡಿಲಿಸಿದ. ಬೆರಳು ಗಾಳಿಯಲ್ಲೇ ನಿಂತಿತು. ಅವ್ವನ ತುಟಿ ಒಂದೊಂದೇ ಅಕ್ಷರ ಕೂಡಿಸಿತು. ಮನೆ ಮುರಿಯುವುದನ್ನು ತಾನು ನಿಂತು ನೋಡಬೇಕಾಯಿತಲ್ಲ ಎಂದು ರಾಜಕುಮಾರ ಕಣ್ಣು ಮುಚ್ಚಿದ.

"ಕಾ..." ಅಂದ ಅಪ್ಪ, ಇದ್ದಬದ್ದ ಕಸುವೆಲ್ಲ ಕೂಡಿಸಿ. "ಕಾ... ಚ..."

"ಓ..." ಎಂದು ಶಿವವ್ವ ಓಗೊಟ್ಟಳು. "ಅಕ್ಕಿ ತಟ್ಟಿಯೊಳಗ ನಿಮ್ಮವ್ವ ಅಳಿಸಿದ ನನ್ನ ಹೆಸರು, ನಿಮಗ ಇನ್ನೂ ನೆನಪೈತೇನ್ರೀ?"