ಮಸಿ ಬಳಿದ ಸಾಲು

ಗಾಜಿನೊಳಗಿದ್ದ ಪತ್ರದ ಸಾಲೊಂದರ ಮೇಲಿನ ಕಪ್ಪು ಪಟ್ಟಿ ಕಂಡೊಡನೆ ನಿವೃತ್ತ ಗುಮಾಸ್ತರು ನಿಂತುಬಿಟ್ಟರು. ಮಸಿ ಅವರದೇ ಕೈಯದು. ಪಟ್ಟಿಯ ಕೊನೆಗೆ ಕುಂಚವನ್ನು ಮೇಲಕ್ಕೆಳೆಯುವ ಚಾಳಿ ಬೇರೆ ಯಾರಿಗೂ ಇರಲಿಲ್ಲ.

“ನಮ್ಮಪ್ಪ ಇಲ್ಲಿಂದ ಬರೆದ ಕೊನೇ ಕಾಗದ. ಮ್ಯೂಸಿಯಂಗೆ ನಾನೇ ಕೊಟ್ಟೆ,” ಎಂದರು ಪಕ್ಕದಲ್ಲಿದ್ದ ನರೆಗೂದಲ ಹೆಂಗಸು. “ಆ ಸಾಲಲ್ಲಿ ಏನಿತ್ತೋ! ಅಮ್ಮ ಅದನ್ನ ಬಿಸಿಲಿಗೆ ಹಿಡಿದು ಹಿಡಿದು ನೋಡೋಳು.”

ಈ ದ್ವೀಪದ ಕೋಟೆ ಜೈಲಾಗಿದ್ದಾಗ ಕೈದಿಗಳ ಪತ್ರಗಳನ್ನು ಓದುವುದು ಗುಮಾಸ್ತರ ಕೆಲಸ. ದೋಣಿ, ಅಲೆ, ಈಜು ಎಂಬ ಪದ ಕಂಡರೆ ಪರಾರಿಯ ಸಂಚಿರಬಹುದೆಂದು ಇಡೀ ಸಾಲಿಗೆ ಮಸಿ ಬಳಿಯಬೇಕಿತ್ತು. ಈ ಸಾಲು ಅವರಿಗೆ ಚೆನ್ನಾಗಿ ನೆನಪಿತ್ತು. ಅಂದು ಗಟ್ಟಿಯಾಗಿ ಓದಿ, “ಸುತ್ತ ನೀರಿಟ್ಕೊಂಡು ಇವನ ಚಿಂತೆ ನೋಡ್ರಪ್ಪಾ” ಎಂದು ಇಡೀ ಕಚೇರಿಯನ್ನು ನಗಿಸಿದ್ದರು. ಸಾಲು ಹೀಗಿತ್ತು: ‘ಪುಟ್ಟಿಗೆ ಈಜು ಕಲಿಸು. ನನ್ನ ಹಾಗೆ ಅವಳು ನೀರಿಗೆ ಹೆದರುವುದು ಬೇಡ.’

“ನಿಮಗೆ ಈಜು ಬರುತ್ತೇನಮ್ಮಾ?” ಎಂದು ಕೇಳಿದರು.

“ಅಯ್ಯೋ, ಎಲ್ಲಿಂದ ಬಂತು! ಇವತ್ತು ದೋಣಿಯಲ್ಲಿ ಕಣ್ಣೇ ಬಿಡಲಿಲ್ಲ ನಾನು,” ಹೆಂಗಸು ನಕ್ಕರು. “ಅಪ್ಪಂಗೂ ನೀರಂದ್ರೆ ಭಯ ಇತ್ತಂತೆ. ಅವರಿಂದ ನನಗೆ ಬಂದಿರೋದು ಅದೊಂದೇ ನೋಡಿ.”

ಹೇಳಲೆಂದು ತೆರೆದಿದ್ದ ಬಾಯನ್ನು ಗುಮಾಸ್ತರು ಮೆಲ್ಲಗೆ ಮುಚ್ಚಿಕೊಂಡರು.